ಕೈ ಬಾಕಿ ಇದ್ದ ಮೂರ್ತಿ

ದೆವ್ವ ಕಂಡೆ ಎಂದು ಹೇಳಿಕೊಂಡು ಬಂದವರನ್ನು ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ಹಿಂದಿನ ದಿನ ಊಟಕ್ಕೆ ಏನಿತ್ತು ಎನ್ನುವುದು. ಶಿಕಾರಿಪುರದಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಗಿರಾಕಿಗಳು ಕಡಿಮೆ ಇರುವ ದಿನ ಬೆಂಚಿನ ಮೇಲೆ ಕೂತು ಇಂಥ ಕತೆ ಹೇಳುವವರು ಬೇಕಾದಷ್ಟು ಜನ. ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡವರು, ಯಾರೋ ಕರೆದ ಹಾಗಾಗಿ ತಿರುಗಿ ನೋಡಿ ಜ್ವರ ಹಿಡಿಸಿಕೊಂಡವರು, ಸತ್ತ ಅಜ್ಜ ಕನಸಿನಲ್ಲಿ ಬಂದು ಬೋರ್‌ವೆಲ್ ಕೊರೆಸುವ ಜಾಗ ತೋರಿಸಿದ ಎನ್ನುವವರು. ಅಜ್ಜ ತೋರಿಸಿದ ಕಡೆ ನೀರು ಬಿತ್ತೇನಪ್ಪ ಎಂದು ಕೇಳಿ, ಅವರು ತಲೆ ಕೆರೆದುಕೊಳ್ಳುವುದನ್ನು ನೋಡಿ ನಗುತ್ತಿದ್ದೆ. ಆದ್ದರಿಂದ ಈಗ ನಾನು ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಮೊದಲು ನನ್ನ ತಂಗಿ ಗಿರಿಜೆಯ ವಿಷಯ ಹೇಳಬೇಕು. ನಮ್ಮ ಊರು ತಾಳಗುಂದ. ಅಪ್ಪ ಹೋದ ಮೇಲೆ ನಾನು ಪೇಟೆಗೆ ಬಂದು ಅಂಗಡಿ ಇಟ್ಟೆ. ಅವ್ವ ನನ್ನ ಜೊತೆಗೇ ಇದ್ದಾಳೆ, ಹೊಲ ಊರಲ್ಲಿದೆ. ಗಿರಿಜೆ ನನಗಿಂತ ಬಹಳ ಚಿಕ್ಕವಳು, ನಾನೇ ಎತ್ತಿ ಆಡಿಸಿದವಳು. ದಾವಣಗೆರೆಗೆ ಹೋಗಿ ಶಿಲ್ಪಕಲೆ ಕಲಿತಳು. ಕಲಿತು ಬಂದವಳು ಗಣಪತಿ ಮಾಡುತ್ತಾಳೆ, ನಂದಿ ಮಾಡುತ್ತಾಳೆ ಎಂದು ನಾವು ಕಾದದ್ದೇ ಬಂತು. ಅವಳು ಮಾಡಿದ್ದು ಬರೀ ಮನುಷ್ಯರ ಮೈ. ತಲೆಯಿಲ್ಲದ ಮೈ, ಬೆನ್ನು ಬಗ್ಗಿಸಿ ನಿಂತ ಮೈ, ಬಸ್ಸಿಗೆ ಕಾದು ಸಾಕಾಗಿ ಕುಕ್ಕರಗಾಲಿನಲ್ಲಿ ಕೂತ ಮೈ.

"ತಲೆ ಇಲ್ಲದೋರನ್ನೇ ಮಾಡ್ತೀಯಲ್ಲೇ, ನಮ್ಮ ಅಂಗಡಿಗೆ ಬರೋರನ್ನ ನೋಡಿ ಮಾಡಿದ್ಯೇನು?" ಎಂದು ರೇಗಿಸಿದರೆ, "ನಿನ್ನನ್ನ ನೋಡಿ ಮಾಡೀನಿ ಅಣ್ಣ" ಎನ್ನುತ್ತಿದ್ದಳು.

ಅಸ್ತಿತ್ವವಾದ ಎನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಅವಳ ಬಾಯಿಂದಲೇ. ಕಾಲೇಜಿನಲ್ಲಿ ಓದಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನನಗೆ ಅರ್ಥವಾಗಲಿ ಎಂದು ಒಂದು ದಿನ ಅಂಗಡಿಯ ಮುಂದೆ ಯಾರೋ ನಿಲ್ಲಿಸಿದ್ದ ಕೂರಿಗೆಯನ್ನು ತೋರಿಸಿ ಪಾಠ ಹೇಳಿದಳು. "ಕೂರಿಗೆ ಮಾಡಾಕೆ ಮುಂಚೆನೇ ಅದು ಬಿತ್ತಾಕೆ ಅಂತ ಬಡಿಗನಿಗೆ ಗೊತ್ತಿರ್ತದೆ. ನಮ್ಮನ್ನ ಯಾರೂ ಹಂಗೆ ಯೋಚ್ನೆ ಮಾಡಿ ಮಾಡಿಲ್ಲ ಅಣ್ಣ. ಮೊದ್ಲು ಬಂದುಬಿಟ್ಟೀವಿ. ಯಾಕೆ ಬಂದ್ವಿ ಅನ್ನೋದನ್ನ ಬದುಕಿ ನಾವೇ ಮಾಡ್ಕಬೇಕು." ಸತ್ತ ಮೇಲೆ ಏನು ಎಂದು ಕೇಳಿದೆ. "ಸತ್ತ ಮೇಲೆ ಏನೂ ಇಲ್ಲ. ಅದಕ್ಕೇ ಈ ಮೈ ಇಷ್ಟು ದೊಡ್ಡದು" ಎಂದಳು.

ಸತ್ತ ಮೇಲೆ ಏನೂ ಇಲ್ಲ ಎನ್ನುವುದರಲ್ಲಿ ನಾನೂ ಅವಳೂ ಒಂದೇ. ಆದರೆ ನಾನು ಕೊರಳಿನ ಲಿಂಗ ಬಿಟ್ಟವನಲ್ಲ. ರೂಢಿ, ಇರಲಿ ಎಂದು ಇಟ್ಟುಕೊಂಡಿದ್ದೆ. ಅವಳು ಕಾಲೇಜಿನಲ್ಲಿದ್ದಾಗಲೇ ತೆಗೆದು ಅವ್ವನ ಕೈಗೆ ಕೊಟ್ಟುಬಿಟ್ಟಿದ್ದಳು. ನಂಬದೆ ಕಟ್ಟಿಕೊಂಡರೆ ಅದಕ್ಕೂ ಅವಮಾನ, ನನಗೂ ಅವಮಾನ ಎಂದಿದ್ದಳಂತೆ. ಅವ್ವ ಅತ್ತು ಕರೆದು ಸುಮ್ಮನಾದಳು. ಲಿಂಗವನ್ನು ಅದರ ಬೆಳ್ಳಿಯ ಕರಡಿಗೆಯಲ್ಲೇ ಇಟ್ಟು ದೇವರ ಮನೆಯಲ್ಲಿ ಕಾಪಾಡಿಕೊಂಡು ಬಂದಳು.

ಗಿರಿಜೆಗೆ ಸೊರಬದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಿತು. ಊರಿನ ಅಂಚಿನಲ್ಲಿ ನಾಗವೇಣಮ್ಮ ಎಂಬುವರ ಮನೆಗೆ ಅಂಟಿಕೊಂಡಿದ್ದ ಬಾಡಿಗೆ ಮನೆ ಹಿಡಿದಳು. ಒಂದು ಕೋಣೆ, ಪಕ್ಕದಲ್ಲಿ ಅಡಿಗೆಮನೆ, ಹಿಂದೆ ತಗಡು ಹೊದೆಸಿದ ಕೊಟ್ಟಿಗೆ. ಕೊಟ್ಟಿಗೆಗೆ ಕೋಣೆಯಿಂದಲೇ ಬಾಗಿಲು. ಹಿತ್ತಲ ಕಡೆ ಸರಳು ಹಾಕಿದ ಒಂದು ಕಿಟಕಿ ಬಿಟ್ಟರೆ ಬೇರೆ ದಾರಿಯಿಲ್ಲ. ಅಲ್ಲಿ ಅವಳ ಕೆಲಸ. ಮಣ್ಣು ಮಾತ್ರ ತಾಳಗುಂದದ ಕೆರೆಯದೇ ಆಗಬೇಕು. ಬೇಸಿಗೆಯಲ್ಲಿ ಕೆರೆ ಇಳಿದಾಗ ಜೇಡಿಮಣ್ಣು ತೋಡಿಸಿ, ಮೆಕ್ಕೆಜೋಳದ ಬೀಜದ ಖಾಲಿ ಚೀಲಗಳಲ್ಲಿ ತುಂಬಿ ನಾನೇ ಟೆಂಪೋದಲ್ಲಿ ಕಳಿಸುತ್ತಿದ್ದೆ.

ಆ ವರ್ಷ ಅವಳು ಹಿಡಿದಿದ್ದು ಆಳೆತ್ತರದ ಒಂದು ಕೂತ ಮೂರ್ತಿ. ಗಂಡೂ ಅಲ್ಲ, ಹೆಣ್ಣೂ ಅಲ್ಲ, ಬರೀ ಮನುಷ್ಯ. ಕಾಲು ಮಡಿಸಿ ನೆಲದ ಮೇಲೆ ಕೂತು ಏನನ್ನೋ ಕಾಯುತ್ತಿರುವವರ ಹಾಗೆ. ಒಳಗೆ ಕಬ್ಬಿಣದ ಸರಳು, ಮೇಲೆ ಹಸಿ ಮಣ್ಣು. ಇದರಲ್ಲಿ ಒಂದು ತಾಪತ್ರಯವಿದೆ. ಹಸಿ ಮಣ್ಣು ಒಣಗಿದರೆ ಬಿರುಕು ಬಿಟ್ಟು ಹಾಳಾಗುತ್ತದೆ. ಕೆಲಸ ಮುಗಿದು ಪ್ಲಾಸ್ಟರಿನ ಅಚ್ಚು ತೆಗೆಯುವ ತನಕ ಒದ್ದೆ ಬಟ್ಟೆ ಸುತ್ತಿ ದಿನಾ ನೀರು ಚಿಮುಕಿಸಬೇಕು. ಮೈಯೆಲ್ಲ ಬಂದಿತ್ತು, ಕೈ ಮಾತ್ರ ಬರಲಿಲ್ಲ. ಎಡಗೈ ಮೊಣಕೈಯಲ್ಲಿ ಮಡಚಿ ಎದೆಯ ಹತ್ತಿರ ಬಂದು ಮಣಿಕಟ್ಟಿಗೆ ನಿಂತುಬಿಟ್ಟಿತ್ತು, ಬಲಗೈ ಮಂಡಿಯ ತನಕ. ಅಂಗೈ, ಬೆರಳು ಎಷ್ಟು ಸಲ ಮಾಡಿದರೂ ಕಿತ್ತು ಹಾಕುತ್ತಿದ್ದಳು. "ಒಂದ್ಸಲ ಭಿಕ್ಷೆ ಬೇಡಿದಂಗೆ ಕಾಣ್ತದೆ, ಒಂದ್ಸಲ ಏಟು ತಡೆದಂಗೆ ಕಾಣ್ತದೆ. ಕೈಯಾಗೆ ಏನೂ ಇರಬಾರ್ದು, ಆದ್ರೆ ಖಾಲಿ ಅನ್ನಿಸಬಾರ್ದು" ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಕೊನೆಗೆ ಬೆರಳಿನ ತಂತಿಗಳನ್ನೂ ಕತ್ತರಿಸಿ ತೆಗೆದುಬಿಟ್ಟಳು.

ಶಾಲೆಯ ಮಕ್ಕಳನ್ನು ಚಿತ್ರ ಬರೆಸಲು ಚಂದ್ರಗುತ್ತಿಯ ಗುಡ್ಡದ ಕಡೆ ಕರೆದುಕೊಂಡು ಹೋಗಿ ಬಂದ ಮೇಲೆ ಅವಳಿಗೆ ಜ್ವರ ಶುರುವಾಯಿತು. ಮಂಗನ ಕಾಯಿಲೆ ಎಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ನಡುವೆ ಒಂದು ದಿನ ಜ್ವರ ಇಳಿದು, ಚೆನ್ನಾಗಿ ಮಾತಾಡಿದಳು. ನಮಗೆಲ್ಲ ಹೋದ ಜೀವ ಬಂದಂತಾಯಿತು. ಅವಳಿಗೆ ಮೂರ್ತಿಯದೇ ಚಿಂತೆ. "ಕೈ ಒಂದು ಬಾಕಿ ಐತೆ ಅಣ್ಣ. ನಾನು ಬರೋತನಕ ಒಣಗಾಕೆ ಬಿಡಬ್ಯಾಡ" ಎಂದಳು. ನಾನು ಅವಳೆದುರಿಗೇ ನಾಗವೇಣಮ್ಮನಿಗೆ ಫೋನ್ ಮಾಡಿ, ದಿನಾ ಬಟ್ಟೆಗೆ ನೀರು ಹಾಕಿ ಎಂದು ಕೇಳಿಕೊಂಡೆ. ಬೀಗದ ಕೈ ಅವರ ಹತ್ತಿರವೇ ಇತ್ತು. ಮರುದಿನ ಜ್ವರ ತಿರುಗಿ ಬಂತು. ಆ ಜ್ವರ ಅವಳನ್ನು ಬಿಡಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಕೂರಿಸಿಯೇ ಮಣ್ಣು ಮಾಡುತ್ತೇವೆ. ಎಡ ಅಂಗೈಯನ್ನು ಎದೆಯ ಹತ್ತಿರ ತಂದು ಅದರಲ್ಲಿ ಅವರ ಲಿಂಗ ಇಡಬೇಕು. ತಾಳಗುಂದದ ಹೊಲದಲ್ಲಿ ಗುಂಡಿ ತೆಗೆದಾಗಿತ್ತು. ಲಿಂಗ ಎಲ್ಲಿ ಎಂದು ಅಯ್ಯನವರು ಕೇಳಿದರು. ಅವ್ವ ಸೆರಗಿನಿಂದ ಆ ಕರಡಿಗೆಯನ್ನು ತೆಗೆದಳು. ಗಿರಿಜೆ ಇದ್ದಿದ್ದರೆ ಒಪ್ಪುತ್ತಿರಲಿಲ್ಲ ಎಂದು ನನಗೂ ಗೊತ್ತು, ಅವ್ವನಿಗೂ ಗೊತ್ತು. ಆದರೆ ಅವ್ವನ ಮುಖ ನೋಡಿದ ಮೇಲೆ ಯಾರೂ ಏನೂ ಹೇಳುವ ಹಾಗಿರಲಿಲ್ಲ. ಅವಳೇ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲಿಂಗ ಇಟ್ಟಳು. ಬೆರಳು ಮುಚ್ಚಿಕೊಳ್ಳಲಿಲ್ಲ. ಅರಿವೆ ಕಟ್ಟಿ ನಿಲ್ಲಿಸಬೇಕಾಯಿತು.

ಕೆಲವು ದಿನ ಕಳೆದ ಮೇಲೆ ಮನೆ ಖಾಲಿ ಮಾಡಲು ಸೊರಬಕ್ಕೆ ಹೋದೆ. ಸಾಮಾನು ತರುವ ಟೆಂಪೋ ಸಾಯಂಕಾಲ ಬರುವುದೆಂದಿತ್ತು. ನಾನು ಬೆಳಿಗ್ಗೆಯೇ ಬಸ್ಸಿನಲ್ಲಿ ಹೋಗಿಬಿಟ್ಟೆ. ಅವಳ ಮನೆಯಲ್ಲಿ ಸ್ವಲ್ಪ ಹೊತ್ತು ಒಬ್ಬನೇ ಇರಬೇಕು ಅನ್ನಿಸಿತ್ತು.

ಕೊಟ್ಟಿಗೆ ತೆರೆದರೆ ಮೂರ್ತಿಯ ಮುಂದೆ ಹೂವು, ಊದುಬತ್ತಿಯ ಬೂದಿ, ಕೊರಳಿಗೆ ಸೇವಂತಿಗೆಯ ಹಾರ. ಏನಿದು ಎಂದು ನಾಗವೇಣಮ್ಮನನ್ನು ಕೇಳಿದೆ. ಅವರು ಸಂಕೋಚದಿಂದ ಹೇಳಿದರು. "ಎಂತ ಹೇಳೂದ್ರೀ. ಟೀಚರಮ್ಮ ಹೋದ್ರು ಅಂತ ಗೊತ್ತಾಯ್ತಲ್ಲ, ಕೇರಿಯವ್ರು ಕಿಟಕಿಯಿಂದ ನೋಡಿದಾರೆ. ಬಿಳಿ ಬಟ್ಟೆ ಸುತ್ಕೊಂಡು ಕೂತಿದೆ. ನಿಮ್ಮಲ್ಲಿ ಕೂರಿಸ್ತೀರಲ್ಲ, ಹಂಗಾಗಿ ಇಲ್ಲಿಗೇ ತಂದಿದಾರೆ ಅಂತ ತಿಳ್ಕಂಡು ಎಲ್ರೂ ಹಾರ ಹಿಡ್ಕಂಡು ಬಂದ್ರು. ಮಣ್ಣಿಂದು ಅಂತ ಹೇಳಿದ್ರೂ ಕೆಲವ್ರು ಕಾಲಿಗೆ ಬಿದ್ದೇ ಹೋದ್ರು."

ಬೇರೆ ದಿನವಾಗಿದ್ದರೆ ಇದನ್ನು ಗಿರಿಜೆಗೆ ಹೇಳಿ ಇಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದೆವು. ಅದು ನೆನಪಾಗಿ ಅಲ್ಲೇ ಅತ್ತುಬಿಟ್ಟೆ. ನಾಗವೇಣಮ್ಮ ಬಟ್ಟೆ ಬಿಚ್ಚಿದವರಲ್ಲ. ನೋಡಿದರೆ ಹೆದರಿಕೆಯಾಗುತ್ತಿತ್ತಂತೆ, ಮೇಲಿಂದಲೇ ನೀರು ಹಾಕುತ್ತಿದ್ದರಂತೆ. ಬೀಗದ ಕೈಯನ್ನು ನನಗೆ ಕೊಟ್ಟು, ಉಳವಿಯಲ್ಲಿರುವ ಮಗಳ ಮನೆಗೆ ಹೋಗಿ ಸಂಜೆ ಬರುತ್ತೇನೆ ಎಂದು ಬಸ್ಸು ಹತ್ತಿದರು.

ಇಲ್ಲಿಂದ ಮುಂದಿನದನ್ನು ನಾನು ನೆನಪಿನಲ್ಲಿ ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಅವರು ಹೋದ ಮೇಲೆ ನಾನು ಹಾರ ತೆಗೆದು, ಬಟ್ಟೆಯನ್ನು ಪೂರ್ತಿ ಬಿಚ್ಚಿ ಮೂರ್ತಿಯನ್ನು ನೋಡಿದೆ. ಎರಡೂ ಮಣಿಕಟ್ಟಿನಲ್ಲಿ ಸರಳಿನ ತುದಿ ಹೊರಗೆ ಕಾಣುತ್ತಿತ್ತು. ಕೈ ಇರಲಿಲ್ಲ. ಎಡಗಡೆಯ ಸರಳಿನ ತುದಿಗೆ ನನ್ನ ಅಂಗಿಯ ತೋಳು ಸಿಕ್ಕಿ ಹರಿಯಿತು, ಆದ್ದರಿಂದ ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಬಟ್ಟೆ ತೋಯಿಸಿ ಮತ್ತೆ ಸುತ್ತಿದೆ. ಅವಳು ಬರುವುದಿಲ್ಲ ಎಂದು ಗೊತ್ತಿದ್ದೂ ಏಕೆ ಸುತ್ತಿದೆ ಎಂದರೆ, ಒಣಗಲು ಬಿಡುವ ಧೈರ್ಯ ನನಗಿರಲಿಲ್ಲ. ಬಿಟ್ಟರೆ ಅವಳು ಇನ್ನಿಲ್ಲ ಎನ್ನುವುದನ್ನು ನಾನೇ ಒಪ್ಪಿಕೊಂಡ ಹಾಗೆ. ಕೊಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಮುಂಬಾಗಿಲಿಗೂ ಚಿಲಕ ಹಾಕಿ, ಕೋಣೆಯಲ್ಲಿ ಅವಳ ಚಾಪೆಯ ಮೇಲೆ ಅಡ್ಡಾದೆ. ಸುಡುಬಿಸಿಲಿನ ಮಧ್ಯಾಹ್ನ, ಕರೆಂಟೂ ಇರಲಿಲ್ಲ. ಎಷ್ಟೋ ದಿನಗಳಿಂದ ಸರಿಯಾಗಿ ನಿದ್ದೆ ಮಾಡಿರದ ನನಗೆ ಕಣ್ಣು ಎಳೆಯಿತು.

ಅರೆನಿದ್ದೆಯಲ್ಲಿ ಒಂದು ಸದ್ದು ಕೇಳಿಸಿತು. ಮೆತ್ತಗೆ ತಟ್ಟುವ ಸದ್ದು, ರೊಟ್ಟಿ ತಟ್ಟಿದ ಹಾಗೆ. ಸ್ವಲ್ಪ ತಟ್ಟುವುದು, ನಿಲ್ಲುವುದು, ಮತ್ತೆ ತಟ್ಟುವುದು. ನೀರಿನಲ್ಲಿ ಕೈ ಅದ್ದಿ ತೆಗೆದ ಸದ್ದು. ಆ ಸದ್ದು ನನಗೆ ಹೊಸದಲ್ಲ. ಸೊರಬಕ್ಕೆ ಬಂದಾಗಲೆಲ್ಲ ಮಧ್ಯಾಹ್ನ ಊಟವಾದ ಮೇಲೆ ನಾನು ಇದೇ ಚಾಪೆಯ ಮೇಲೆ ಮಲಗುತ್ತಿದ್ದೆ, ಅವಳು ಒಳಗೆ ಮಣ್ಣು ತಟ್ಟುತ್ತಿದ್ದಳು. ಆಗ ನನಗೆ ಹೆದರಿಕೆಯಾಗಲಿಲ್ಲ ಎಂದರೆ ನೀವು ನಂಬಬೇಕು. ಅವಳು ಸತ್ತಿದ್ದಾಳೆ ಎನ್ನುವುದು ಆ ಹೊತ್ತಿನಲ್ಲಿ ನನಗೆ ನೆನಪೇ ಇರಲಿಲ್ಲ. ಗಿರಿಜೆ ಕೆಲಸ ಮಾಡುತ್ತಿದ್ದಾಳೆ, ಕೈ ಸಿಕ್ಕಿರಬೇಕು, ಮಾತಾಡಿಸಿ ಕೆಡಿಸುವುದು ಬೇಡ ಎಂದುಕೊಂಡೆ. ಹಾಗೆಂದುಕೊಂಡು ಮಗ್ಗುಲು ಬದಲಿಸಿ ಇನ್ನೂ ಚೆನ್ನಾಗಿ ನಿದ್ದೆ ಹೋದೆ. ಅಷ್ಟು ಸುಖದ ನಿದ್ದೆ ಅವಳು ಆಸ್ಪತ್ರೆ ಸೇರಿದಾಗಿನಿಂದ ಬಂದಿರಲಿಲ್ಲ.

ಟೆಂಪೋದವನು ಬಾಗಿಲು ಬಡಿದಾಗ ಎಚ್ಚರವಾಯಿತು. ಎದ್ದು ಕೂತ ಕ್ಷಣಕ್ಕೆ ಎಲ್ಲವೂ ತಿರುಗಿ ನೆನಪಾಯಿತು. ಅವನಿಗೆ ತಡಿಯಪ್ಪ ಎಂದು ಕೂಗಿ ಹೇಳಿ ಕೊಟ್ಟಿಗೆಯ ಬೀಗ ನೋಡಿದೆ. ಹಾಕಿದ ಹಾಗೇ ಇತ್ತು. ತೆಗೆದು ಒಳಗೆ ಹೋದೆ. ಬಟ್ಟೆಯೂ ನಾನು ಸುತ್ತಿದ ಹಾಗೇ ಇತ್ತು, ಎದೆಯ ಹತ್ತಿರ ಮಾತ್ರ ಸ್ವಲ್ಪ ಉಬ್ಬಿತ್ತು. ಬಿಚ್ಚಿದೆ.

ಮೂರ್ತಿಗೆ ಎರಡೂ ಕೈ ಇದ್ದವು. ಬಲಗೈ ಮಂಡಿಯ ಮೇಲೆ ಮಗುಚಿ ಬಿದ್ದಿತ್ತು. ಎಡಗೈ ಎದೆಯ ಮುಂದೆ, ಅಂಗೈ ಮೇಲಾಗಿ, ಬೆರಳು ಅರ್ಧ ಬಿಚ್ಚಿ. ಅಂಗೈ ನಡುವೆ ಹೆಬ್ಬೆರಳಿನಿಂದ ಒತ್ತಿದಂಥ ಸಣ್ಣ ಕುಳಿ. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಗಿರಿಜೆಯ ಎಡಗೈ ಕಿರುಬೆರಳು ಡೊಂಕಾಗಿತ್ತು. ಈ ಕೈಯ ಕಿರುಬೆರಳೂ ಡೊಂಕಾಗಿತ್ತು. ಟೆಂಪೋದವನು ಮತ್ತೆ ಬಾಗಿಲು ಬಡಿದ ಮೇಲೆ ಹೋಗಿ ಚಿಲಕ ತೆಗೆದೆ. ಅವನು ಒಳಗೆ ಬಂದು, ನನ್ನ ಮುಖ ನೋಡಿ ಏನಾಯ್ತ್ರೀ ಎಂದು ನೀರು ಕೊಟ್ಟ. ಅವನ ಕಣ್ಣಿಗೆ ಅದು ಕೈಯಿರುವ ಒಂದು ಬೊಂಬೆ, ಅಷ್ಟೇ.

ಸಂಜೆ ನಾಗವೇಣಮ್ಮ ಬಂದರು. ಮಧ್ಯಾಹ್ನ ನಿಮ್ಮ ಮನೆಯಲ್ಲಿ ಯಾರಾದರೂ ರೊಟ್ಟಿ ತಟ್ಟಿದರೇ ಎಂದು ಕೇಳಿದೆ. "ನಮ್ಮನೆಗೆ ಬೀಗ ಹಾಕಿತ್ತಲ್ರೀ, ಯಾರು ತಟ್ತಾರೆ?" ಎಂದರು. ಮೂರ್ತಿಯನ್ನು ತೋರಿಸಿದೆ. "ಕೈ ಮೊದ್ಲೇ ಇತ್ತೇನೋಪ್ಪ, ನಂಗೆಂತ ಗೊತ್ತು, ನಾನು ಬಿಚ್ಚಿ ನೋಡ್ಲೇ ಇಲ್ಲ" ಎಂದು ಬೇಗ ಬೇಗ ಹೊರಗೆ ಹೋದರು. ಆಗ ನನ್ನ ಉಗುರು ನೋಡಿಕೊಂಡೆ. ಸಂದಿಯಲ್ಲಿ ಮಣ್ಣಿತ್ತು. ಬೆಳಿಗ್ಗೆ ಬಟ್ಟೆ ಸುತ್ತುವಾಗ ಆಗಿದ್ದಿರಬಹುದು. ನಿದ್ದೆಗಣ್ಣಿನಲ್ಲಿ ಎದ್ದು ನಾನೇ ಮಾಡಿದೆನೋ ಎಂದೂ ಯೋಚಿಸಿದ್ದೇನೆ. ಆದರೆ ಒಂದು ಕಡುಬನ್ನು ನೆಟ್ಟಗೆ ಕಟ್ಟಲು ಬಾರದ ಕೈ ನನ್ನದು.

ಆ ದಿನ ಉಳಿದ ಸಾಮಾನು ತುಂಬಿ ಕಳಿಸಿ, ಮೂರ್ತಿಯನ್ನೂ ಚಾಪೆಯನ್ನೂ ಅಲ್ಲೇ ಬಿಟ್ಟೆ. ಅಲ್ಲೇ ಉಳಿದು ನೀರು ಹಾಕತೊಡಗಿದೆ. ಅಂಗಡಿ ಹೆಂಡತಿಯ ಪಾಲಿಗೆ ಬಿತ್ತು. ಗಿರಿಜೆಯ ಜೊತೆ ಕಲಿತ ರಫೀಕ್ ದಾವಣಗೆರೆಯಿಂದ ಫೋನ್ ಮಾಡಿ, ಬಂದು ಅಚ್ಚು ತೆಗೆದುಕೊಡುತ್ತೇನೆ ಸರ್ ಎಂದ. ಈಗ ಬೇಡ ಎಂದೆ. ಅಚ್ಚು ತೆಗೆದರೆ ಮಣ್ಣು ಹೋಗುತ್ತದೆ, ಅವಳ ಬೆರಳು ಮುಟ್ಟಿದ ಮಣ್ಣು. ಮೂರ್ತಿಯ ಮೈಯನ್ನಂತೂ ಅವಳೇ ಮುಟ್ಟಿದ್ದು. ಕೈಯನ್ನು ಯಾರು ಮುಟ್ಟಿದ್ದೆಂದು ಹೇಳಲಿ? ಬೆಳಿಗ್ಗೆ ಎದ್ದು ನೀರು ಚಿಮುಕಿಸುವುದು, ಮಧ್ಯಾಹ್ನ ಆ ಚಾಪೆಯ ಮೇಲೆ ಮಲಗಿ ಕಿವಿಗೊಟ್ಟು ಕಾಯುವುದು, ಇದೇ ನನ್ನ ದಿನಚರಿಯಾಯಿತು. ಸದ್ದು ಮತ್ತೆ ಬರಲಿಲ್ಲ. ಕಾಯುವವನಿಗೆ ನಿದ್ದೆಯೂ ಬರಲಿಲ್ಲ. ಹೆಂಡತಿ ಫೋನಿನಲ್ಲಿ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಅವ್ವನನ್ನು ಕಳಿಸಿದಳು.

ಅವ್ವ ಕಾರಿನಿಂದ ಇಳಿದವಳೇ ಎಲ್ಲಿ ತೋರಿಸು ಎಂದಳು. ನಾನು ಬಟ್ಟೆ ಬಿಚ್ಚುತ್ತ ನಡೆದದ್ದನ್ನೆಲ್ಲ ಹೇಳಿದೆ. ದೇವರು ದಿಂಡರು ಎಂದರೆ ನಗುತ್ತಿದ್ದ ಮಗ ಇಂಥದ್ದು ಹೇಳುತ್ತಿದ್ದಾನೆ ಎಂದು ಅವಳು ಆಶ್ಚರ್ಯಪಡಲಿಲ್ಲ. ಮೂರ್ತಿಯ ಎದುರು ಕಾಲು ಮಡಿಸಿ ಕೂತಳು. ಎಡಗೈಯ ಕೆಳಗೆ ತನ್ನ ಕೈ ಕೊಟ್ಟು ಬಹಳ ಹೊತ್ತು ಹಿಡಿದುಕೊಂಡಳು. "ಅವತ್ತು ಎಷ್ಟು ತಣ್ಣಗಿತ್ತು" ಎಂದಳು. "ಇದು ಬೆಚ್ಚಗೈತೆ" ಎಂದಳು. ನಾನೂ ಮುಟ್ಟಿ ನೋಡಿದೆ. ನನಗೆ ಒದ್ದೆ ಮಣ್ಣಿನ ತಂಪು ಬಿಟ್ಟರೆ ಏನೂ ತಿಳಿಯಲಿಲ್ಲ. ಲಿಂಗ ಇಟ್ಟು ತೆಗೆದಂತಿದ್ದ ಅಂಗೈಯ ಕುಳಿಯನ್ನು ಅವಳಿಗೆ ತೋರಿಸಲು ನನಗೆ ಮನಸ್ಸಿರಲಿಲ್ಲ. ಆದರೆ ಅವಳೇ ಅದರ ಮೇಲೆ ಬೆರಳಾಡಿಸಿದಳು. ಮಗಳು ಕೊನೆಗೂ ಲಿಂಗ ಒಪ್ಪಿಕೊಂಡಳು ಎಂದುಕೊಂಡಳೋ, ನೀವು ಕೊಟ್ಟದ್ದನ್ನು ತಿರುಗಿ ಕೊಟ್ಟಿದ್ದೇನೆ ಎಂದು ಮಗಳು ಹೇಳುತ್ತಿದ್ದಾಳೆ ಎಂದುಕೊಂಡಳೋ, ನನಗೆ ತಿಳಿಯದು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

ಆಮೇಲೆ ನೀರಿನ ಚೆಂಬನ್ನು ನನ್ನ ಕೈಯಿಂದ ತೆಗೆದುಕೊಂಡು ಕೆಳಗಿಟ್ಟಳು. "ಸಾಕಪ್ಪ. ಇನ್ನ ನೀರು ಹಾಕಬ್ಯಾಡ. ನಾನು ಬರೋತನಕ ಅಂದಿದ್ಲಲ್ಲ? ಬಂದು ಹೋಗ್ಯಾಳೆ."

ರಫೀಕ್ ಬಂದು ಅಚ್ಚು ತೆಗೆದ. ಮಣ್ಣು ಬಿಡಿಸುವಾಗ ಕೈಯ ಹತ್ತಿರ ಬಂದು ಕೆಲಸ ನಿಲ್ಲಿಸಿದ. "ಬೆರಳಲ್ಲಿ ತಂತಿನೇ ಇಲ್ವಲ್ಲ ಸರ್. ಹಸಿ ಮಣ್ಣು ಹಿಂಗೆ ಎದ್ದು ನಿಲ್ಲಲ್ಲ, ಜೋತು ಬೀಳ್ಬೇಕಿತ್ತು" ಎಂದ. ಬಿಡಿಸಿದ ಮಣ್ಣನ್ನು ಚೀಲಕ್ಕೆ ತುಂಬಿಸಿ ತಾಳಗುಂದಕ್ಕೆ ಒಯ್ದು ಹೊಲದಲ್ಲಿರುವ ಅವಳ ಸಮಾಧಿಯ ಗದ್ದುಗೆಯ ಮೇಲೆ ಹಾಕಿದೆವು.

ಇದೆಲ್ಲ ಆಗಿ ಎಷ್ಟೋ ವರ್ಷಗಳಾದವು. ದೆವ್ವದ ಕತೆ ಹೇಳುವವರು ಈಗಲೂ ಅಂಗಡಿಗೆ ಬರುತ್ತಾರೆ. ನಾನು ನಗುವುದನ್ನು ಬಿಟ್ಟಿದ್ದೇನೆ, ನಂಬುವುದಕ್ಕೂ ಆಗಿಲ್ಲ. ಆ ಕೈ ಹೇಗೆ ಬಂತು ಎಂದು ಯೋಚಿಸುವುದನ್ನೂ ಈಗ ಬಿಟ್ಟುಬಿಟ್ಟಿದ್ದೇನೆ. ಅವ್ವನಿಗೆ ಅವಳು ಬಂದು ಹೋದಳೆಂಬ ಸಮಾಧಾನವಿದೆ, ಅದು ಅವಳಿಗಿರಲಿ. ನನಗಿರುವುದು ಒಂದೇ ಸಂಕಟ. ಬಂದದ್ದು ನಿಜವಾದರೆ, ಗೋಡೆಯ ಈಚೆ ನಾನು ಮಲಗಿದ್ದೆನಲ್ಲ, ಒಂದು ಸಲ ಅಣ್ಣ ಎಂದು ಏಕೆ ಕರೆಯಲಿಲ್ಲ?